ಗಿಟಾರು, ಮೈಕು ಮತ್ತು ಕೊನೆಯ ಸಾಲಿನ ಕಿವಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು ಈ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)



ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಅವಕಾಶಗಳು’ ಎಂದು ಅಚ್ಚಾಗಿದೆ. ಅದಕ್ಕಾಗಿ ನಾಲ್ಕು ಪುಟ ಬರೆದುಕೊಂಡೂ ಬಂದಿದ್ದೆ. ಆದರೆ ನಿನ್ನೆ ಸಂಜೆ ನಡೆದ ಒಂದು ಸಣ್ಣ ಘಟನೆಯಿಂದ ಆ ನಾಲ್ಕು ಪುಟ ಜೇಬಿನಲ್ಲೇ ಉಳಿದಿವೆ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ವಿಷಯ ಬದಲಿಸಿದ್ದೇನೆ. ದಯವಿಟ್ಟು ಕ್ಷಮಿಸಬೇಕು.

ನಿನ್ನೆ ಸಾಂಸ್ಕೃತಿಕ ಕಾರ್ಯಕ್ರಮದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಭಾವಗೀತೆ ಹಾಡಲು ಬಂದಳು. ಹತ್ತನೆಯ ತರಗತಿಯ ಹುಡುಗನೊಬ್ಬ ಗಿಟಾರ್ ಹಿಡಿದು ಪಕ್ಕದಲ್ಲಿ ನಿಂತ. ಮೊದಲ ಸಾಲು ಎತ್ತುವುದರೊಳಗೆ ಮೈಕು ‘ಕುಂಯ್’ ಎಂದು ಕೂಗಿತು. ಹುಡುಗಿ ಹೆದರಿ ಹಿಂದೆ ಸರಿದಳು. ದನಿ ಕೇಳುತ್ತಿಲ್ಲ ಎಂದು ಯಾರೋ ವಾಲ್ಯೂಮ್ ಏರಿಸಿದರು. ಇನ್ನೂ ಜೋರಾಗಿ ಕೂಗಿತು. ಗಿಟಾರಂತೂ ತಗಡಿನ ಡಬ್ಬದೊಳಗೆ ನುಡಿಸಿದ ಹಾಗಿತ್ತು. ನಾವೆಲ್ಲ ನಕ್ಕೆವು. ಮೂರನೆಯ ಸಲ ಕೂಗಿದಾಗ ಅವಳು ಮೈಕನ್ನು ನಿರೂಪಕರ ಕೈಗೆ ಕೊಟ್ಟು ಕೆಳಗಿಳಿದುಬಿಟ್ಟಳು.

ಕಾರ್ಯಕ್ರಮ ಮುಗಿದ ಮೇಲೆ ನೀರಿನ ಟ್ಯಾಂಕಿನ ಹತ್ತಿರ ನನ್ನನ್ನು ನೋಡಿ ಕೇಳಿದಳು: “ಅಣ್ಣಾ, ನನ್ನ ವಾಯ್ಸ್ ಮೈಕಿಗೆ ಆಗಲ್ವಾ?”

ಇದೇ ಪ್ರಶ್ನೆಯನ್ನು ನಾನು ಹದಿನೈದನೆಯ ವಯಸ್ಸಿನಲ್ಲಿ ನನ್ನನ್ನೇ ಕೇಳಿಕೊಂಡಿದ್ದೆ, ಬೇರೆ ಯಾರನ್ನೂ ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ಆರು ವರ್ಷ ಕಳೆದುಕೊಂಡೆ. ಆದ್ದರಿಂದ ಇವತ್ತು ಅವಳಿಗೆ ಎಲ್ಲರೆದುರಿಗೆ ಉತ್ತರ ಕೊಡಬೇಕು ಅನ್ನಿಸಿದೆ. ಇನ್ನೊಂದು ಕಾರಣವೂ ಇದೆ. ನಮ್ಮ ಬ್ಯಾಚಿನವರು ಶಾಲೆಗೆ ಒಂದು ಸೌಂಡ್ ಸಿಸ್ಟಂ ಕೊಡಬೇಕೆಂದು 1,20,000 ರೂಪಾಯಿ ಕೂಡಿಸಿದ್ದೇವೆ. ಏನು ತರಬೇಕು ಎಂಬ ಜಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೂರು ವಾರದಿಂದ ನಡೆದಿದೆ. ಆ ಜಗಳಕ್ಕೂ ಇಲ್ಲೇ ಒಂದು ಉತ್ತರ ಸಿಕ್ಕಲಿ.

ಮೊದಲು ನನ್ನ ಕಥೆ. ಎಸ್‌ಎಸ್‌ಎಲ್‌ಸಿ ವರ್ಷ ಅಪ್ಪ ಕೊಬ್ಬರಿ ಮಾರಿದ ದುಡ್ಡಿನಲ್ಲಿ ನನಗೊಂದು ಗಿಟಾರ್ ತೆಗೆಸಿಕೊಟ್ಟಿದ್ದರು. ಪಕ್ಕದ ಊರಿನ ಗಣಪತಿ ಪೆಂಡಾಲಿನಲ್ಲಿ ನುಡಿಸಲು ಅವಕಾಶ ಸಿಕ್ಕಿತು. ಅಲ್ಲಿಯೂ ಹೀಗೇ ಆಯಿತು. ಮೈಕು ಕೂಗಿತು, ಗಿಟಾರ್ ಕೇಳಲಿಲ್ಲ, ಮುಂದಿನ ಸಾಲಿನ ಹುಡುಗರು ಸೀಟಿ ಹೊಡೆದರು. ಮನೆಗೆ ಬಂದು ಗಿಟಾರನ್ನು ಅಟ್ಟದ ಮೇಲೆ ಹಾಕಿದೆ. ನನಗೆ ಬರುವುದಿಲ್ಲ ಎಂದು ತೀರ್ಮಾನಿಸಿದೆ. ಬಿ.ಇ. ಮೂರನೆಯ ವರ್ಷದಲ್ಲಿ ಹಾಸ್ಟೆಲಿನ ಸೀನಿಯರ್ ಒಬ್ಬರು ಈ ಕಥೆ ಕೇಳಿ ಒಂದೇ ಪ್ರಶ್ನೆ ಹಾಕಿದರು: “ಸ್ಪೀಕರ್ ಬಾಕ್ಸ್ ಎಲ್ಲಿಟ್ಟಿದ್ದರು?” ನೆನಪು ಮಾಡಿಕೊಂಡೆ. ನನ್ನ ಬೆನ್ನ ಹಿಂದೆ, ಮೈಕಿಗೆ ಎದುರಾಗಿ ಇಟ್ಟಿದ್ದರು. “ಹಾಗಾದ್ರೆ ಲತಾ ಮಂಗೇಶ್ಕರ್ ಹಾಡಿದ್ರೂ ಕೂಗ್ತಿತ್ತು ಬಿಡೋ” ಅಂದರು. ಆ ಭಾನುವಾರವೇ ಊರಿಗೆ ಬಂದು ಗಿಟಾರ್ ಕೆಳಗಿಳಿಸಿದೆ. ತಂತಿಗಳೆಲ್ಲ ತುಕ್ಕು ಹಿಡಿದಿದ್ದವು.

ನಿನ್ನೆಯೂ ಆದದ್ದು ಅದೇ. ಜಾಗ ಸಾಲದೆಂದು ಸ್ಪೀಕರುಗಳನ್ನು ವೇದಿಕೆಯ ಹಿಂಬದಿಗೆ ಸರಿಸಿದವರು ನಾವೇ, ಹಳೆಯ ವಿದ್ಯಾರ್ಥಿಗಳು. ತಂಗೀ, ತಪ್ಪು ನಿನ್ನ ಗಂಟಲಿನದಲ್ಲ. ತಪ್ಪು ಮಾಡಿದವರೇ ನಿನ್ನನ್ನು ನೋಡಿ ನಕ್ಕೆವು. ಅದಕ್ಕೆ ನಮ್ಮೆಲ್ಲರ ಪರವಾಗಿ ಕ್ಷಮೆ ಕೇಳುತ್ತೇನೆ.

ಮೈಕು ಯಾಕೆ ಕೂಗುತ್ತದೆ? ಮೈಕಿಗೆ ಬಿದ್ದ ದನಿ ಆಂಪ್ಲಿಫೈಯರಿನಲ್ಲಿ ದೊಡ್ಡದಾಗಿ ಸ್ಪೀಕರಿನಿಂದ ಹೊರಬರುತ್ತದೆ. ಅದೇ ದನಿ ಮತ್ತೆ ಮೈಕಿಗೆ ಬಿದ್ದರೆ ಮತ್ತೆ ದೊಡ್ಡದಾಗುತ್ತದೆ. ಹೀಗೆ ಸುತ್ತುತ್ತ ಸುತ್ತುತ್ತ ಒಂದೇ ಸ್ವರ ಉಳಿದೆಲ್ಲವನ್ನೂ ನುಂಗಿ ಕಿರುಚುತ್ತದೆ. ಇದನ್ನೇ ಫೀಡ್‌ಬ್ಯಾಕ್ ಎನ್ನುತ್ತಾರೆ. ಹಾಡುವವರು ಹೆದರಿ ಹಿಂದೆ ಸರಿದರೆ ಅವರ ದನಿ ಕಡಿಮೆಯಾಗುತ್ತದೆ, ಸ್ಪೀಕರಿನ ದನಿ ಮಾತ್ರ ಅಷ್ಟೇ ಇರುತ್ತದೆ. ಆಗ ವಾಲ್ಯೂಮ್ ಏರಿಸಿದರೆ ಉರಿಯುವ ಬೆಂಕಿಗೆ ಸೀಮೆಎಣ್ಣೆ ಸುರಿದಂತೆ.

ಮದ್ದು ಸುಲಭ. ಸ್ಪೀಕರುಗಳು ಹಾಡುವವರಿಗಿಂತ ಮುಂದೆ, ಜನರ ಕಡೆ ಮುಖ ಮಾಡಿ ಇರಬೇಕು. ಹಾಡುವವರು ಮೈಕಿಗೆ ಹತ್ತಿರ ಬರಬೇಕು. ಎಷ್ಟು ಹತ್ತಿರ? ಇದಕ್ಕೊಂದು ಲೆಕ್ಕ ಇದೆ. ದೂರ ಅರ್ಧವಾದಾಗಲೆಲ್ಲ ದನಿ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಒಂದು ಗೇಣು, ಅಂದರೆ ಸುಮಾರು 20 ಸೆಂಟಿಮೀಟರ್ ದೂರದಲ್ಲಿ ಹಾಡುವವರು ಮೂರು ಬೆರಳಿನಷ್ಟು, ಅಂದರೆ 5 ಸೆಂಟಿಮೀಟರ್ ಹತ್ತಿರಕ್ಕೆ ಬಂದರೆ ದೂರ ಎರಡು ಸಲ ಅರ್ಧವಾಯಿತು. 12 ಡೆಸಿಬೆಲ್ ಸಿಕ್ಕಿತು. ಇಷ್ಟನ್ನೇ ಆಂಪ್ಲಿಫೈಯರಿನಿಂದ ಪಡೆಯಬೇಕಾದರೆ 16 ಪಟ್ಟು ವಾಟ್ ಬೇಕು. ಮೂರು ಹೆಜ್ಜೆಯೂ ಇಡದೆ, ಮೂರು ಬೆರಳಿನಲ್ಲಿ ಅದು ಪುಕ್ಕಟೆ ಸಿಗುತ್ತದೆ.

ಇನ್ನೊಂದು ಮಾತು. ವೇದಿಕೆಯ ಮೈಕುಗಳಲ್ಲಿ ಹೆಚ್ಚಿನವು ಮುಂದಿನಿಂದ ಬಂದ ದನಿಯನ್ನು ಚೆನ್ನಾಗಿ ಹಿಡಿದು, ಹಿಂದಿನಿಂದ ಬಂದದ್ದನ್ನು ಬಿಟ್ಟುಬಿಡುವಂತೆ ಮಾಡಿದವು. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಆ ಗುಣ ಕೆಡುತ್ತದೆ. ಎಲ್ಲ ಕಡೆಯಿಂದಲೂ ಹಿಡಿಯತೊಡಗುತ್ತದೆ. ಟಿವಿಯಲ್ಲಿ ರ‍್ಯಾಪ್ ಹಾಡುವವರನ್ನು ನೋಡಿ ಹಾಗೆ ಹಿಡಿಯಬೇಡಿ. ಹಿಡಿಕೆಯನ್ನು ಹಿಡಿಯಿರಿ.

ಈಗ ವಾಟಿನ ವಿಚಾರ. ನಮ್ಮ ಗುಂಪಿನ ಜಗಳವೆಲ್ಲ ಇದೊಂದರ ಮೇಲೆಯೇ. ಒಬ್ಬರು 1,000 ವಾಟ್ ಸಾಕು ಅಂದರೆ ಇನ್ನೊಬ್ಬರು 2,000 ಬೇಕು ಅಂತಾರೆ. ಈ ಹುಚ್ಚು ನನಗೂ ಇತ್ತು. ಕೆಲಸ ಸಿಕ್ಕಿ ಕೈಗೆ ಸಂಬಳ ಬಂದ ಮೊದಲ ವರ್ಷ ಬೆಂಗಳೂರಿನ ಹತ್ತಕ್ಕೆ ಹನ್ನೆರಡು ಅಡಿಯ ಬಾಡಿಗೆ ರೂಮಿಗೆ 100 ವಾಟಿನ ಗಿಟಾರ್ ಆಂಪ್ಲಿಫೈಯರ್ ತಂದೆ. ಎರಡು ವರ್ಷದಲ್ಲಿ ಅದರ ವಾಲ್ಯೂಮ್ ಗುಬುಟನ್ನು ‘ಒಂದು’ ಎಂಬ ಅಂಕಿಯಿಂದ ಮೇಲಕ್ಕೆ ತಿರುಗಿಸಿದ ನೆನಪಿಲ್ಲ. ತಿರುಗಿಸಿದರೆ ಓನರ್ ಆಂಟಿ ಮೆಟ್ಟಿಲು ಹತ್ತಿ ಬರುತ್ತಿದ್ದರು. ಕೊನೆಗೆ ಅರ್ಧ ಬೆಲೆಗೆ ಮಾರಿದೆ.

ರಜೆಗೆ ಬಂದಾಗ ಅಪ್ಪನಿಗೆ ಈ ವಿಷಯ ಹೇಳಿದೆ. ಅಪ್ಪ ತೋಟದಲ್ಲಿ ತೆಂಗಿನ ಬುಡಕ್ಕೆ ಡ್ರಿಪ್ ಪೈಪ್ ಸರಿ ಮಾಡುತ್ತಿದ್ದರು. “ಮೋಟ್ರು ಎಷ್ಟು ಹೆಚ್‌ಪಿ ಅಂತ ಯಾಕ್ಲಾ ನೋಡ್ತೀಯ ಮಗ, ನೀರು ಬುಡಕ್ಕೆ ಹೋಯ್ತಾ ನೋಡು” ಅಂದರು. ಅರಸೀಕೆರೆ ಕಡೆಯ ತೆಂಗು ಬೆಳೆಗಾರರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಬೋರ್‌ವೆಲ್ಲಿನಲ್ಲಿ ಬರುವುದೇ ಎರಡಿಂಚು ನೀರಾದರೆ ಮೋಟರು ದೊಡ್ಡದಾದ ಮಾತ್ರಕ್ಕೆ ತೋಟ ನೆನೆಯುವುದಿಲ್ಲ. ಆಂಪ್ಲಿಫೈಯರ್ ಕೊಳ್ಳುವುದಕ್ಕೆ ನಾನು ಇದುವರೆಗೆ ಕೇಳಿದ ಅತ್ಯುತ್ತಮ ಸಲಹೆ ಇದೇ.

ಲೆಕ್ಕ ನೋಡಿ. ವಾಟ್ ಎರಡು ಪಟ್ಟಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ‘ಸ್ವಲ್ಪ ಜಾಸ್ತಿಯಾಯಿತು’ ಅನ್ನಿಸುತ್ತದೆ, ಅಷ್ಟೆ. ದನಿ ದುಪ್ಪಟ್ಟಾಯಿತು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಹೆಚ್ಚಬೇಕು. ಅದಕ್ಕೆ ವಾಟ್ 10 ಪಟ್ಟು ಬೇಕು. ಇತ್ತ ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಕಳೆಯುತ್ತದೆ. ಸ್ಪೀಕರಿನಿಂದ 1 ಮೀಟರಿನಲ್ಲಿ 100 ಡೆಸಿಬೆಲ್ ಇದ್ದರೆ 2 ಮೀಟರಿನಲ್ಲಿ 94, 4ರಲ್ಲಿ 88, 8ರಲ್ಲಿ 82, 16ರಲ್ಲಿ 76, 32 ಮೀಟರಿನಲ್ಲಿ 70. ನಮ್ಮ ಮೈದಾನದ ಕೊನೆಯ ಸಾಲು ಹೆಚ್ಚುಕಡಿಮೆ ಅಲ್ಲೇ ಕೂರುವುದು. ಆ ಕೊನೆಯ ಸಾಲಿಗೆ ಕೇಳಿಸಲೆಂದು ವಾಟ್ ಏರಿಸಿದರೆ ಮುಂದಿನ ಸಾಲಿನ ಪುಟ್ಟ ಮಕ್ಕಳ ಕಿವಿಗೆ ಹೊಡೆತ. ಅದರ ಬದಲು ಮೈದಾನದ ನಡುವೆ ಇನ್ನೆರಡು ಸಣ್ಣ ಸ್ಪೀಕರ್ ನಿಲ್ಲಿಸಿ, ಸ್ಟ್ಯಾಂಡಿನ ಮೇಲೆ ಆಳೆತ್ತರಕ್ಕೆ ಏರಿಸಿದರೆ ಎಲ್ಲರಿಗೂ ಸಮನಾಗಿ ಕೇಳುತ್ತದೆ. ನೀರು ಬುಡಕ್ಕೆ ಹೋಗುವುದು ಎಂದರೆ ಇದೇ.

ಕೊನೆಯ ಸಾಲಿನವರಿಗೆ ಕೇಳಬೇಕು ಎಂಬ ಚಿಂತೆ ಇಂದಿನದಲ್ಲ. ಮೈಸೂರು ಟಿ. ಚೌಡಯ್ಯನವರ ಹೆಸರು ಕೇಳಿರುತ್ತೀರಿ. ಮೈಕು ಇನ್ನೂ ರೂಢಿಗೆ ಬರದ ಕಾಲದ ಕಛೇರಿಗಳಲ್ಲಿ ಹಿಂದೆ ಕುಳಿತವರಿಗೂ ಪಿಟೀಲು ಕೇಳಬೇಕೆಂದು, ನಾಲ್ಕು ತಂತಿಗೆ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡವರು ಅವರು. ಅದಾದ ಕೆಲವೇ ವರ್ಷಗಳಲ್ಲಿ, 1930ರ ದಶಕದ ಆರಂಭದಲ್ಲಿ, ಅಮೆರಿಕಾದಲ್ಲಿ ಗಿಟಾರಿನ ತಂತಿಯ ಕೆಳಗೆ ಅಯಸ್ಕಾಂತವನ್ನೂ ತಾಮ್ರದ ಸುರುಳಿಯನ್ನೂ ಇಟ್ಟು ಎಲೆಕ್ಟ್ರಿಕ್ ಗಿಟಾರ್ ಮಾರಾಟಕ್ಕೆ ತಂದರು. ಅವರ ತೊಂದರೆಯೂ ಇದೇ ಆಗಿತ್ತು: ತುತ್ತೂರಿ, ಡ್ರಮ್ಮುಗಳ ನಡುವೆ ಗಿಟಾರ್ ಕೇಳುತ್ತಿರಲಿಲ್ಲ. ಒಬ್ಬರು ತಂತಿ ಸೇರಿಸಿದರು, ಇನ್ನೊಬ್ಬರು ವಿದ್ಯುತ್ ಸೇರಿಸಿದರು.

ನಮ್ಮ ಹಳ್ಳಿ ಹುಡುಗರಿಗೆ ಗಿಟಾರ್ ಯಾಕೆ ಎಂದು ಹಿರಿಯರೊಬ್ಬರು ನಿನ್ನೆ ಕೇಳಿದರು. ಗೌರವದಿಂದಲೇ ಹೇಳುತ್ತೇನೆ, ಪಿಟೀಲೂ ಯುರೋಪಿನಿಂದ ಬಂದದ್ದೇ. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿ ನಾಡಿಗೆಲ್ಲ ಕೇಳಿಸಿದರು. ವಾದ್ಯ ಎಲ್ಲಿಂದ ಬಂತು ಎಂಬುದಕ್ಕಿಂತ ಅದರಲ್ಲಿ ಏನು ನುಡಿಸುತ್ತೇವೆ ಎಂಬುದು ಮುಖ್ಯ ಎಂದು ನಾನು ನಂಬಿದ್ದೇನೆ.

ಗಿಟಾರ್ ಹಿಡಿದ ತಮ್ಮಂದಿರಿಗಾಗಿ ಈಗ ನಾಲ್ಕು ಮಾತು. ಹಣ ಖರ್ಚು ಮಾಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಎಲ್ಲಿ ನುಡಿಸುತ್ತೇನೆ, ಯಾರ ಜೊತೆ ನುಡಿಸುತ್ತೇನೆ, ಯಾರಿಗೆ ಕೇಳಬೇಕು?

ಮನೆಯಲ್ಲಿ ಅಭ್ಯಾಸಕ್ಕೆ ಎಲೆಕ್ಟ್ರಿಕ್ ಗಿಟಾರಾದರೆ 5ರಿಂದ 20 ವಾಟಿನ ಸಣ್ಣ ಆಂಪ್ ಧಾರಾಳ. ಹೆಡ್‌ಫೋನ್ ಹಾಕಿಕೊಳ್ಳಲು ತೂತು ಇರಲಿ. ಪರೀಕ್ಷೆ ಸಮಯದಲ್ಲಿ ಅಮ್ಮನ ಬೈಗುಳ ತಪ್ಪುತ್ತದೆ. ವೇದಿಕೆಗೆ ಹೋದಾಗ ಆ ಸಣ್ಣ ಆಂಪಿನ ಮುಂದೆಯೇ ಒಂದು ಮೈಕಿಟ್ಟು ದೊಡ್ಡ ಸ್ಪೀಕರುಗಳಿಗೆ ಕಳಿಸಬಹುದು. ಆಂಪ್ ದೊಡ್ಡದಾಗಬೇಕಾಗಿಲ್ಲ.

ಎಲೆಕ್ಟ್ರಿಕ್ ಗಿಟಾರನ್ನು ನೇರವಾಗಿ ಶಾಲೆಯ ಸ್ಪೀಕರಿಗೆ ಚುಚ್ಚಿ, ಅದಕ್ಕೊಂದು ಡಿಸ್ಟಾರ್ಷನ್ ಪೆಡಲ್ ಹಾಕಿದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಕೇಳುತ್ತದೆ. ಕಾರಣ ಇದೆ. ಗಿಟಾರ್ ಆಂಪಿನ ಸ್ಪೀಕರು ಸುಮಾರು 5,000 ಹರ್ಟ್ಸ್ ಮೇಲಿನ ದನಿಯನ್ನು ಹೆಚ್ಚು ಕಡಿಮೆ ಹೊರಬಿಡುವುದಿಲ್ಲ. ಆ ಕರ್ಕಶವನ್ನೆಲ್ಲ ಅದೇ ಜರಡಿ ಹಿಡಿಯುತ್ತದೆ. ಹಾಡು, ಮಾತು ಎಲ್ಲಕ್ಕೂ ಮಾಡಿದ ಸ್ಪೀಕರಿನಲ್ಲಿ ಆ ಜರಡಿ ಇರುವುದಿಲ್ಲ. ಆಂಪ್ ಇಲ್ಲದೆ ನುಡಿಸುವುದಾದರೆ ‘ಕ್ಯಾಬಿನೆಟ್ ಸಿಮ್ಯುಲೇಷನ್’ ಇರುವ ಮಲ್ಟಿ ಎಫೆಕ್ಟ್ಸ್ ಯಂತ್ರ ಬೇಕು. ಅದು ಆ ಜರಡಿಯನ್ನು ಲೆಕ್ಕದಿಂದ ಅನುಕರಿಸುತ್ತದೆ.

ನಿನ್ನೆಯ ಹುಡುಗನದು ಮರದ ಅಕೂಸ್ಟಿಕ್ ಗಿಟಾರ್, ಒಳಗೆ ಪಿಕಪ್ ಇದ್ದದ್ದು. ಅದರಿಂದ ಬರುವ ಸಂಕೇತ ಬಹಳ ದುರ್ಬಲ. ಉದ್ದ ವೈರಿನಲ್ಲಿ ಹೋಗುವಾಗ ಬಳಲುತ್ತದೆ, ಜೊತೆಗೆ ಟ್ಯೂಬ್‌ಲೈಟು, ಫ್ಯಾನುಗಳ ಗುಂಯ್‌ಗುಡುವಿಕೆಯನ್ನೂ ಹೊತ್ತು ತರುತ್ತದೆ. ಆದ್ದರಿಂದ ಗಿಟಾರಿನ ವೈರು 6 ಮೀಟರ್ ಮೀರದಿರಲಿ. ಅಲ್ಲಿಂದ ಮುಂದಕ್ಕೆ ಡಿಐ ಬಾಕ್ಸ್ ಎಂಬ ಅಂಗೈಯಗಲದ ಪೆಟ್ಟಿಗೆ ಇಟ್ಟು, ಮೈಕಿಗೆ ಬಳಸುವ ಮೂರು ಪಿನ್ನಿನ ವೈರಿನಲ್ಲಿ ಕಳಿಸಿ. ಆ ವೈರಿನ ಜಾಣತನ ಒಂಬತ್ತನೆಯ ತರಗತಿಯ ಬೀಜಗಣಿತ ಅಷ್ಟೆ. ಒಂದು ತಂತಿಯಲ್ಲಿ ಸಂಕೇತ ಧನವಾಗಿ ಹೋಗುತ್ತದೆ, ಇನ್ನೊಂದರಲ್ಲಿ ಋಣವಾಗಿ. ದಾರಿಯಲ್ಲಿ ಎರಡಕ್ಕೂ ಒಂದೇ ಗದ್ದಲ ಸೇರುತ್ತದೆ. ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಗದ್ದಲ ಸೊನ್ನೆಯಾಗಿ ಸಂಕೇತ ಎರಡರಷ್ಟಾಗಿ ಉಳಿಯುತ್ತದೆ. ನಮ್ಮ ಗಣಿತ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ‘ಋಣ ಋಣ ಧನ’ ಬರೆಸುತ್ತಿದ್ದಾಗ ಇದೆಲ್ಲಿ ಉಪಯೋಗಕ್ಕೆ ಬರುತ್ತದೆ ಎಂದುಕೊಳ್ಳುತ್ತಿದ್ದೆ. ಸರ್, ಇಲ್ಲಿ ಬಂತು.

ಇನ್ನು ಎಫೆಕ್ಟ್ಸ್. ನನ್ನ ಎರಡನೆಯ ದುಂದುವೆಚ್ಚ ಇದು. ನೂರಾರು ಬಗೆಯ ದನಿ ಕೊಡುವ ಯಂತ್ರ ತಂದು ದಿನಾ ಸಂಜೆ ದನಿ ಬದಲಿಸುತ್ತ ಕೂತೆ. ಆರು ತಿಂಗಳಾದರೂ ಒಂದು ಹಾಡನ್ನು ತುದಿಯಿಂದ ತುದಿಗೆ ತಾಳ ತಪ್ಪದೆ ನುಡಿಸಲು ಬರಲಿಲ್ಲ. ಬೆರಳಿನ ತಪ್ಪನ್ನು ಪೆಡಲ್ ಮುಚ್ಚುತ್ತದೆ ಎಂಬ ಭ್ರಮೆ. ಸಾರು ಚೆನ್ನಾಗಿಲ್ಲದಾಗ ಒಗ್ಗರಣೆ ಹೆಚ್ಚಿಸಿದಂತೆ. ನನ್ನ ಸಲಹೆ ಕೇಳಿದರೆ ಮೊದಲು ಕೊಳ್ಳಬೇಕಾದ್ದು ಟ್ಯೂನರ್. ಶ್ರುತಿ ಸೇರದ ಗಿಟಾರಿಗೆ ಯಾವ ಪೆಡಲೂ ಮದ್ದಲ್ಲ. ಆಮೇಲೆ ನಿಮ್ಮ ಹಾಡಿಗೆ ನಿಜಕ್ಕೂ ಬೇಕೆನಿಸಿದಾಗ ಒಂದು ಓವರ್‌ಡ್ರೈವ್, ಆಮೇಲೆ ಒಂದು ಡಿಲೇ. ಸಾಲಾಗಿ ಜೋಡಿಸುವಾಗ ಸಾಮಾನ್ಯ ಕ್ರಮ ಹೀಗೆ: ಮೊದಲು ಟ್ಯೂನರ್, ನಂತರ ಓವರ್‌ಡ್ರೈವ್, ನಂತರ ಕೋರಸ್‌ನಂಥವು, ಕೊನೆಗೆ ಡಿಲೇ ಮತ್ತು ರಿವರ್ಬ್. ದನಿಯನ್ನು ಮೊದಲು ರೂಪಿಸಿ, ಆಮೇಲೆ ಅದಕ್ಕೆ ಪ್ರತಿಧ್ವನಿ ಕೊಡುವುದು. ಪೆಡಲಿನ 9 ವೋಲ್ಟ್ ಅಡಾಪ್ಟರ್ ಕೊಳ್ಳುವಾಗ ಧನ ಋಣ ಗುರುತು ನೋಡಿ. ಹೆಚ್ಚಿನ ಪೆಡಲುಗಳಿಗೆ ನಡುವಿನ ಪಿನ್ ಋಣವಾಗಿರಬೇಕು. ಮನೆಯ ಹಳೆಯ ರೇಡಿಯೋ ಅಡಾಪ್ಟರ್ ಚುಚ್ಚಿದರೆ ಸುಟ್ಟುಹೋಗಬಹುದು.

ರಿವರ್ಬ್ ಎಂದರೆ ಗೋಡೆಗಳಿಂದ ಮರಳಿ ಬರುವ ದನಿಯ ಗುಂಗು. ಅದನ್ನು ತಿಳಿಯಲು ಯಂತ್ರ ಬೇಡ. ಶಾಲಾ ಪ್ರವಾಸದಲ್ಲಿ ಬೇಲೂರಿಗೋ ಹಳೇಬೀಡಿಗೋ ಹೋದಾಗ ನವರಂಗದೊಳಗೆ ಮೆಲ್ಲಗೆ ಒಂದು ಮಾತಾಡಿ ಕೇಳಿಸಿಕೊಳ್ಳಿ. 1117ರ ಚೆನ್ನಕೇಶವ ದೇವಾಲಯದ ಕಲ್ಲು ದನಿಯನ್ನು ಕುಡಿಯುವುದಿಲ್ಲ, ಹಿಂದಕ್ಕೆ ಕೊಡುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಶಿಲ್ಪದ ಬಗ್ಗೆ ಹೆಮ್ಮೆಪಟ್ಟೆವು. ಕಣ್ಣಿನ ಜೊತೆಗೆ ಕಿವಿಯನ್ನೂ ತೆರೆದು ಅಲ್ಲಿ ನಿಂತರೆ ಇನ್ನೊಂದು ಪಾಠ ಸಿಗುತ್ತದೆ: ಜಾಗವೂ ಒಂದು ವಾದ್ಯ.

ನಮ್ಮ ಪ್ರಾರ್ಥನಾ ಮಂದಿರವೂ ಸಿಮೆಂಟು ಗೋಡೆ, ಶೀಟಿನ ಚಾವಣಿ. ಅಲ್ಲಿ ಗುಂಗು ತಾನಾಗಿಯೇ ಇದೆ. ಮಿಕ್ಸರಿನಲ್ಲಿ ಎಕೋ ಏರಿಸಿದರೆ ಮಾತಿನ ಅಕ್ಷರಗಳು ಒಂದರ ಮೇಲೊಂದು ಬಿದ್ದು ಅರ್ಥವೇ ಆಗುವುದಿಲ್ಲ. ಜನ ತುಂಬಿದಾಗ ಬಟ್ಟೆ ಮೈಗಳು ದನಿಯನ್ನು ಹೀರಿ ಗುಂಗು ಕಡಿಮೆಯಾಗುತ್ತದೆ, ಆದ್ದರಿಂದ ಖಾಲಿ ಹಾಲಿನಲ್ಲಿ ಕೇಳಿ ಕೊನೆಯ ತೀರ್ಮಾನ ಮಾಡಬೇಡಿ. ಹೊರಗೆ ಮೈದಾನದಲ್ಲಿ ಇನ್ನೊಂದು ಕಥೆ. ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 17 ಮೀಟರ್ ದೂರದ ಗೋಡೆಗೆ ಬಡಿದು ಬರಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಅಷ್ಟು ತಡವಾದರೆ ಕಿವಿಗೆ ಎರಡನೆಯ ಮಾತಾಗಿ ಕೇಳುತ್ತದೆ. ಸ್ಪೀಕರನ್ನು ಎದುರಿನ ಕಟ್ಟಡದ ಗೋಡೆಗೆ ತಿರುಗಿಸದೆ ಜನರ ಕಡೆಗೆ ಸ್ವಲ್ಪ ಬಾಗಿಸಿ ಇಡುವುದು ಇದಕ್ಕೇ.

ಕಟ್ಟಡದ ಮೇಲಿರುವ ಹಳೆಯ ಹಾರ್ನುಗಳನ್ನು ಗುಜರಿಗೆ ಹಾಕೋಣ ಎಂದವರಿಗೆ ಒಂದು ಮಾತು. ದಯವಿಟ್ಟು ಬೇಡ. ಒಂದೇ ವಾಟ್ ಕೊಟ್ಟರೂ ಹಾರ್ನು ಸಾಮಾನ್ಯ ಬಾಕ್ಸಿಗಿಂತ ಎಷ್ಟೋ ಜೋರು. ಮೂವತ್ತು ವಾಟಿನ ಹಾರ್ನಿನಿಂದ ಎರಡು ಊರಿಗೆ ಹರಿಕಥೆ ಕೇಳುತ್ತಿದ್ದದ್ದು ಹಾಗೆ. ಅದಕ್ಕೆ ತಗ್ಗಿನ ಸ್ವರ ಬರುವುದಿಲ್ಲ. ಗಿಟಾರಿನ ದಪ್ಪ ತಂತಿಯ 82 ಹರ್ಟ್ಸ್ ಅದರಲ್ಲಿ ಹುಟ್ಟುವುದೇ ಇಲ್ಲ. ಆದರೆ ಬೆಳಗಿನ ಪ್ರಾರ್ಥನೆ, ಕವಾಯತು, ಪ್ರಕಟಣೆಗೆ ಮಾತು ಸ್ಪಷ್ಟವಾಗಿ ಕೇಳಿದರೆ ಸಾಕು. ಮಾತಿಗೆ ಹಾರ್ನು, ಹಾಡಿಗೆ ಬಾಕ್ಸು. 100 ವೋಲ್ಟ್ ಲೈನಿನಲ್ಲಿ ಹಾರ್ನುಗಳನ್ನು ಸೇರಿಸುವಾಗ ಅವುಗಳ ವಾಟ್‌ಗಳ ಮೊತ್ತ ಆಂಪ್ಲಿಫೈಯರಿನ ವಾಟ್ ಮೀರದಂತೆ ನೋಡಿಕೊಂಡರಾಯಿತು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ದುಡ್ಡಿನ ಮಾತಲ್ಲ, ಜೀವದ ಮಾತು. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿ ನಗರದ ವೇದಿಕೆಯೊಂದರಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ ಅರ್ಥಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ ವಿದ್ಯುತ್ ಆಘಾತದಿಂದ ತೀರಿಕೊಂಡರು. ಗಿಟಾರಿಸ್ಟ್ ಒಂದು ಕೈಯಲ್ಲಿ ಲೋಹದ ತಂತಿ ಹಿಡಿದಿರುತ್ತಾನೆ, ತುಟಿ ಮೈಕಿನ ಲೋಹಕ್ಕೆ ತಾಗುತ್ತದೆ. ಎರಡಕ್ಕೂ ಬೇರೆ ಬೇರೆ ವೋಲ್ಟೇಜ್ ಬಂದರೆ ನಡುವೆ ಇರುವುದು ಅವನ ಎದೆ. ಗುಂಯ್ ಎಂಬ ಸದ್ದು ಹೋಗಲೆಂದು ಮೂರನೆಯ ಪಿನ್ ಮುರಿಯುವುದನ್ನು ನಾನು ಎಷ್ಟೋ ಪೆಂಡಾಲುಗಳಲ್ಲಿ ನೋಡಿದ್ದೇನೆ. ಎಂದಿಗೂ ಹಾಗೆ ಮಾಡಬೇಡಿ. ಗಿಟಾರ್ ಆಂಪು, ಮಿಕ್ಸರು, ಸ್ಪೀಕರು ಎಲ್ಲಕ್ಕೂ ಒಂದೇ ಒಳ್ಳೆಯ ಅರ್ಥಿಂಗ್ ಇರುವ ಕಡೆಯಿಂದ ಕರೆಂಟು ಕೊಡಿ. 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಸೋರಿದ ಕೂಡಲೇ ಅದು ಕಡಿದುಹಾಕುತ್ತದೆ. ಜನರೇಟರಿನಲ್ಲಿ ನಡೆಸುವಾಗಲೂ ಅರ್ಥಿಂಗ್ ಮರೆಯಬೇಡಿ. ಬೇಲೂರು ಕಡೆಯ ಹಾಗೆ ಯಾವಾಗೆಂದರೆ ಆವಾಗ ಮಳೆ ಹನಿಯುವ ಊರಾದರೆ ಜಂಕ್ಷನ್ ಬಾಕ್ಸು ನೆಲದ ಮೇಲೆ ಇರಕೂಡದು. ನಮ್ಮ 1,20,000ದಲ್ಲಿ ಮೊದಲ ಖರ್ಚು ಎಲೆಕ್ಟ್ರಿಷಿಯನ್‌ಗೆ ಆಗಲಿ ಎಂದು ನನ್ನ ಕೋರಿಕೆ.

ಕಿವಿಯೂ ಜೀವದ ಭಾಗವೇ. 85 ಡೆಸಿಬೆಲ್ ದನಿಯಲ್ಲಿ ದಿನಕ್ಕೆ 8 ಗಂಟೆ ಇರಬಹುದು ಎಂಬುದು ತಜ್ಞರು ಬಳಸುವ ಒಂದು ಮಿತಿ. ಅದರ ಮೇಲೆ 3 ಡೆಸಿಬೆಲ್ ಹೆಚ್ಚಿದಂತೆಲ್ಲ ಸಮಯ ಅರ್ಧವಾಗುತ್ತದೆ. ಹಾಗೆ ಲೆಕ್ಕ ಹಾಕಿದರೆ 100 ಡೆಸಿಬೆಲ್ಲಿಗೆ ಕಾಲು ಗಂಟೆ. ಹೋದ ಕಿವಿಯನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ಕಾನೂನೂ ಇದೆ. 2000ನೆಯ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಶಾಲೆ, ಆಸ್ಪತ್ರೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು. ನಮಗೆ ಪರೀಕ್ಷೆ ಇದ್ದಾಗ ಊರಿನವರು ಸುಮ್ಮನಿರಬೇಕು ಎಂದು ಕೇಳುವ ನಾವು ಊರಿನವರು ಮಲಗುವ ಹೊತ್ತನ್ನೂ ಗೌರವಿಸಬೇಕಲ್ಲವೇ?

ಹಾಗಾದರೆ ಏನು ತರಬೇಕು? ನನ್ನ ಪಟ್ಟಿ ಓದುತ್ತೇನೆ. ಒಳ್ಳೆಯ ಡೈನಾಮಿಕ್ ಮೈಕು ನಾಲ್ಕು, ಸ್ಟ್ಯಾಂಡ್ ಸಮೇತ. ಎಂಟು ಚಾನೆಲ್ಲಿನ ಸಣ್ಣ ಮಿಕ್ಸರ್ ಒಂದು. ಆಂಪ್ಲಿಫೈಯರ್ ಒಳಗೇ ಇರುವ 12 ಇಂಚಿನ ಸ್ಪೀಕರ್ ಎರಡು, ಎತ್ತರಕ್ಕೆ ನಿಲ್ಲಿಸುವ ಸ್ಟ್ಯಾಂಡ್ ಸಮೇತ. ಹಾಡುವವರಿಗೆ ತಮ್ಮ ದನಿ ತಮಗೆ ಕೇಳಲೆಂದು ನೆಲದ ಮೇಲೆ ಇಡುವ ಮಾನಿಟರ್ ಒಂದು. ಡಿಐ ಬಾಕ್ಸ್ ಎರಡು. ವೈರುಗಳು ಬೇಕಾದಷ್ಟಕ್ಕಿಂತ ಎರಡು ಹೆಚ್ಚು, ಏಕೆಂದರೆ ಕಾರ್ಯಕ್ರಮದ ದಿನ ಕೈಕೊಡುವುದು ಯಾವಾಗಲೂ ವೈರೇ. ಅಂಗಡಿಯಲ್ಲಿ ಪೆಟ್ಟಿಗೆಯ ಮೇಲಿನ ವಾಟ್ ಓದಿ ತರಬೇಡಿ. ‘ಪೀಕ್’ ಎಂದು ಬರೆದ ಅಂಕಿ ಕ್ಷಣಮಾತ್ರದ್ದು. ‘ಆರ್‌ಎಂಎಸ್’ ಎಂದು ಬರೆದದ್ದನ್ನು ಕೇಳಿ. ಅದಕ್ಕಿಂತ ಹೆಚ್ಚಾಗಿ, ನಮ್ಮ ಹುಡುಗಿಯೊಬ್ಬಳನ್ನು ಕರೆದುಕೊಂಡು ಹೋಗಿ ಅಲ್ಲೇ ಹಾಡಿಸಿ, ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿ. ಅವಳು ಹೇಳುವ ‘ಸ’, ‘ಶ’, ‘ಚ’ ಬೇರೆ ಬೇರೆಯಾಗಿ ಕೇಳಿದರೆ ಆ ಸ್ಪೀಕರ್ ಪಾಸು.

ದೊಡ್ಡ ಡಿಜೆ ಸೆಟ್ ಬೇಕೆನ್ನುವ ಗೆಳೆಯರಿಗೆ ಹೇಳುತ್ತೇನೆ: ವರ್ಷಕ್ಕೊಮ್ಮೆ ಬೇಕಾಗುವುದನ್ನು ಬಾಡಿಗೆಗೆ ತರೋಣ, ದಿನಾ ಬೇಕಾಗುವುದನ್ನು ಕೊಳ್ಳೋಣ.

ಕೊನೆಯದಾಗಿ ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ನಾನು ಓದುವಾಗ ಶಾಲೆಯಲ್ಲಿ ಒಂದು ಹಾರ್ಮೋನಿಯಂ ಇತ್ತು. ಮೂರು ವರ್ಷದಲ್ಲಿ ಅದನ್ನು ಎರಡು ಸಲ ನೋಡಿದೆ. ಮಿಕ್ಕ ದಿನ ಕಪಾಟಿನಲ್ಲಿತ್ತು. ಹಾಳಾದೀತೆಂಬ ಭಯದಿಂದ ಭದ್ರವಾಗಿ ಇಟ್ಟಿದ್ದರು, ಅದು ಅಲ್ಲೇ ಹಾಳಾಯಿತು. ಈ ಮೈಕು ಸ್ಪೀಕರುಗಳಿಗೆ ಆ ಗತಿ ಬೇಡ. ಎಂಟು ಮತ್ತು ಒಂಬತ್ತನೆಯ ತರಗತಿಯಿಂದ ನಾಲ್ಕು ಮಕ್ಕಳ ಒಂದು ಸೌಂಡ್ ತಂಡ ಮಾಡಿ, ಅದರಲ್ಲಿ ಇಬ್ಬರಾದರೂ ಹುಡುಗಿಯರಿರಲಿ. ವೈರು ಸುತ್ತುವುದರಿಂದ ಹಿಡಿದು ಮಿಕ್ಸರ್ ನಡೆಸುವವರೆಗೆ ನಾನು ತಿಂಗಳಿಗೊಂದು ಭಾನುವಾರ ಬಂದು ಕಲಿಸುತ್ತೇನೆ. ಒಂದು ಮೈಕು ಕೆಳಗೆ ಬಿದ್ದು ಕೆಟ್ಟರೆ ನಮ್ಮ ಬ್ಯಾಚು ಇನ್ನೊಂದು ಕೊಡುತ್ತದೆ. ಇದು ಎಲ್ಲರೆದುರಿಗೆ ಕೊಟ್ಟ ಮಾತು.

ಈ ಭಾಷಣ ಶುರುವಾಗುವ ಮೊದಲು ನಾವು ಮೂವರು ಸ್ಪೀಕರುಗಳನ್ನು ವೇದಿಕೆಯ ಮುಂದಕ್ಕೆ ತಂದು ಎತ್ತರಕ್ಕೆ ಏರಿಸಿದ್ದೇವೆ. ಹೊಸದಾಗಿ ಏನೂ ತಂದಿಲ್ಲ. ನಿನ್ನೆಯದೇ ಮೈಕು, ನಿನ್ನೆಯದೇ ಆಂಪ್ಲಿಫೈಯರು. ಗಿಟಾರಿಗೆ ಮಾತ್ರ ನನ್ನ ಡಿಐ ಬಾಕ್ಸ್ ಹಾಕಿದ್ದೇನೆ. ನಿನ್ನೆಯ ಹುಡುಗಿ ಇಲ್ಲೇ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಬಲವಂತ ಇಲ್ಲ ತಂಗೀ, ಮನಸ್ಸಿದ್ದರೆ ಬಾ. ಮೈಕಿನ ಹಿಡಿಕೆ ಹಿಡಿ, ತುಟಿಗೂ ಮೈಕಿಗೂ ಮೂರು ಬೆರಳು. ಹೆದರಿದಾಗ ಹಿಂದೆ ಸರಿಯಬೇಡ, ಅಷ್ಟೆ.

ಕೊನೆಯ ಸಾಲಿನಲ್ಲಿ ಅಪ್ಪ ಕುಳಿತಿದ್ದಾರೆ. ಅವರಿಗೀಗ ಕಿವಿ ಸ್ವಲ್ಪ ಮಂದ. ಅಪ್ಪಾ, ಹಾಡು ಕೇಳಿದರೆ ಟವೆಲ್ ಎತ್ತಿ ತೋರಿಸಿ. ಕೇಳದಿದ್ದರೆ ನಾನು ಬಂದು ಸ್ಪೀಕರ್ ಸರಿಸುತ್ತೇನೆ, ವಾಟ್ ಏರಿಸುವುದಿಲ್ಲ.

(ಆಕೆ ಬಂದು ಹಾಡಿದಳು. ಎರಡನೆಯ ಚರಣಕ್ಕೆ ಕೊನೆಯ ಸಾಲಿನಿಂದ ಟವೆಲ್ ಮೇಲೆದ್ದಿತು. – ಸಂ.)